ನಾಲ್ಕು ತಂತಿಯ ಗಿಟಾರು, ಎರಡು ಕಿವಿಯ ಹೆಡ್‌ಫೋನು

ಬೇಸ್ ಗಿಟಾರ್ ನುಡಿಸುವವನ ಬಾಳಿನಲ್ಲಿ ಮಾನ ಹೋಗುವ ಪ್ರಸಂಗಗಳಿಗೆ ಎಂದೂ ಬರವಿಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಹಾಡುವವನ ಗಂಟಲು ಕಟ್ಟಿದರೆ ಜನ ಬಿಸಿನೀರು ತಂದುಕೊಡುತ್ತಾರೆ. ತಬಲಾದವನ ಬೆರಳಿಗೆ ಪೆಟ್ಟಾದರೆ ಪಾಪ ಅನ್ನುತ್ತಾರೆ. ನನ್ನನ್ನು ಮಾತ್ರ, "ನಿಮ್ಮದರಲ್ಲಿ ನಾಲ್ಕೇ ತಂತಿ ಉಂಟಲ್ಲ, ಆರರಲ್ಲಿ ಎರಡು ತುಂಡಾಯ್ತಾ?" ಎಂದು ಕೇಳುತ್ತಾರೆ.

ನಾನು ಜೋಗೇಶ್ವರಿಯಲ್ಲಿ ಬಾಟಲಿಗಳ ಪ್ಲಾಸ್ಟಿಕ್ ಮುಚ್ಚಳ ಮಾಡುವ ಸಣ್ಣ ಫ್ಯಾಕ್ಟರಿಯೊಂದರಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುವವನು. ಮನೆ ದಹಿಸರ್‌ನಲ್ಲಿ, ನಾಲ್ಕನೆಯ ಮಹಡಿ. ನಾನು ಮತ್ತು ಹೆಂಡತಿ, ಇಬ್ಬರೇ. ವಾರದ ರಜೆ ಗುರುವಾರ. ಈ ಕೆಲಸದ ಜೊತೆಗೇ ಇಪ್ಪತ್ತೆರಡು ವರ್ಷ ಊರಿನವರು ಸೇರಿ ಕಟ್ಟಿದ ಒಂದು ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದ್ದೇನೆ. ಕನ್ನಡ ಸಂಘದ ವಾರ್ಷಿಕೋತ್ಸವ, ಗಣಪತಿ ಪೆಂಡಾಲ್, ಮದುವೆಮನೆಯ ಹಳದಿ ಶಾಸ್ತ್ರ, ಯಾವುದನ್ನೂ ಬಿಟ್ಟಿಲ್ಲ. ಕೊನೆಗೆ ನಮ್ಮ ಕೀಬೋರ್ಡಿನವನು ಹೊಸ ಕೀಬೋರ್ಡ್ ತಂದ. ನಾನು ಹತ್ತು ಬೆರಳಲ್ಲಿ ಮಾಡುತ್ತಿದ್ದ ಕೆಲಸವನ್ನು ಅವನ ಎಡಗೈಯ ಎರಡೇ ಬೆರಳು ಮಾಡತೊಡಗಿದವು. ಆರ್ಕೆಸ್ಟ್ರಾದ ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟು, "ನೀನು ಬೇಡ ಅಂತಲ್ಲ ಮಾರಾಯ. ವ್ಯಾನಿನಲ್ಲಿ ಜಾಗ ಇಲ್ಲ, ಹೊಗೆ ಬಿಡುವ ಮೆಷಿನ್ ತಗೊಂಡಿದ್ದೇವೆ" ಎಂದರು.

ಹೊಗೆಯ ಎದುರು ಸೋತದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಬೇಸರ ಬೇರೆಯದು. ನನ್ನ ಹೆಂಡತಿ ನಮ್ಮ ಎಷ್ಟೋ ಕಾರ್ಯಕ್ರಮಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದಾಳೆ. ಮುಗಿದ ಮೇಲೆ ಪ್ರತಿ ಸಲವೂ ಒಂದೇ ಪ್ರಶ್ನೆ: "ಎಲ್ಲ ಚಂದ ಇತ್ತು. ಅದ್ರಲ್ಲಿ ನಿಮ್ಮ ಶಬ್ದ ಯಾವುದು?" ಕೊಳಲು ತೋರಿಸಬಹುದು, ಡ್ರಮ್ ತೋರಿಸಬಹುದು, ಬೇಸನ್ನು ತೋರಿಸುವುದು ಹೇಗೆ? ಅದು ಹಾಡಿನ ಅಡಿಯಲ್ಲೆಲ್ಲೋ ಇರುತ್ತದೆ. ಒಮ್ಮೆ, ಒಂದೇ ಒಂದು ಸಲ, ಅವಳು ಅದನ್ನು ಗುರುತು ಹಿಡಿಯಬೇಕು ಅನ್ನುವ ಆಸೆ ನನಗೆ ಮದುವೆಯಾದ ಹೊಸತರಿಂದಲೂ ಇದೆ. ಆರ್ಕೆಸ್ಟ್ರಾ ಬಿಟ್ಟ ಮೇಲೂ ಗಿಟಾರನ್ನು ಮಾರದೆ ಇಟ್ಟುಕೊಂಡದ್ದು ಅದಕ್ಕೇ.

೧. ಗುರುವಾರದ ಭೂಕಂಪ

ಮೊದಲು ನನ್ನ ಬಳಿ ಹೆಡ್‌ಫೋನ್ ಇರಲಿಲ್ಲ, ಆರ್ಕೆಸ್ಟ್ರಾ ಕಾಲದ ದೊಡ್ಡ ಆಂಪ್ಲಿಫೈಯರ್ ಇತ್ತು. ಅದನ್ನು ಹಾಲಿನ ಗೋಡೆಗೆ ತಾಗಿಸಿ ಇಟ್ಟಿದ್ದೆ. ಗೋಡೆಯ ಆಚೆ, ಎಲ್ಲರೂ ಕಾಕಿ ಎಂದು ಕರೆಯುವ ಪಕ್ಕದ ಮನೆಯ ಗುಜರಾತಿ ಹೆಂಗಸಿನ ಅಡಿಗೆಮನೆ, ಸರಿಯಾಗಿ ಅದೇ ಗೋಡೆಗೆ ಅವರ ಸ್ಟೀಲ್ ಪಾತ್ರೆಗಳ ಸ್ಟ್ಯಾಂಡು. ಇದು ನನಗೆ ಗೊತ್ತಿರಲಿಲ್ಲ.

ಒಂದು ಗುರುವಾರ ಮಧ್ಯಾಹ್ನ ಎಲ್ಲಕ್ಕಿಂತ ದಪ್ಪ ತಂತಿಯನ್ನು ಮೀಟಿ, ಆ ಸ್ವರ ಎದೆಗೆ ಇಳಿಯುವ ಸುಖದಲ್ಲಿ ಕಣ್ಣು ಮುಚ್ಚಿದ್ದೆ. ಹೊರಗೆ ಗಲಾಟೆ ಕೇಳಿಸಿತು. ನೋಡಿದರೆ ಕಾಕಿ ಒಂದು ಕೈಯಲ್ಲಿ ಮನೆಯ ಕಾಗದಪತ್ರಗಳ ಫೈಲು, ಇನ್ನೊಂದರಲ್ಲಿ ಬೆಳ್ಳಿಯ ಲಡ್ಡುಗೋಪಾಲನ ಮೂರ್ತಿ ಹಿಡಿದು ಮೆಟ್ಟಿಲಿಳಿಯುತ್ತಿದ್ದರು. "ಭೂಕಂಪ್! ಭೂಕಂಪ್! ಬರ್ತನ್ ಹಿಲ್ ರಹೇ ಹೈ!" ಎಂದು, ಪಾತ್ರೆ ಅಲ್ಲಾಡಿದ ಗಾಬರಿಯಲ್ಲಿ ಫೈಲಿನಿಂದಲೇ ಎಲ್ಲರ ಬಾಗಿಲೂ ಬಡಿಯುತ್ತಿದ್ದರು. ನಾನೂ ಗಿಟಾರ್ ಬಿಟ್ಟು ಹೆಂಡತಿಯನ್ನು ಎಳೆದುಕೊಂಡು ಕೆಳಗೆ ಓಡಿದೆ.

ಇಡೀ ಬಿಲ್ಡಿಂಗ್ ಕಂಪೌಂಡಿನಲ್ಲಿ ನಿಂತಿತು. ಕಾಲು ಗಂಟೆ ಕಾದೆವು, ಏನೂ ಆಗಲಿಲ್ಲ. ಎಲ್ಲರೂ ಮೇಲೆ ಹೋದೆವು. ಹೆದರಿದ ಮನಸ್ಸಿಗೆ ಸಮಾಧಾನ ಬೇಕಲ್ಲ, ನಾನು ಮತ್ತೆ ಗಿಟಾರ್ ತೆಗೆದುಕೊಂಡೆ. ಎರಡೇ ನಿಮಿಷ, ಕಾಕಿ ಮತ್ತೆ ಕೆಳಗೆ, ಅವರ ಹಿಂದೆ ಬಿಲ್ಡಿಂಗ್, ಬಿಲ್ಡಿಂಗಿನ ಹಿಂದೆ ನಾನು. ಮೂರನೆಯ ಸಲ ಕೆಳಗೆ ನಿಂತಾಗ ಬಿಲ್ಡಿಂಗಿನ ಸೊಸೈಟಿಯ ಸೆಕ್ರೆಟರಿ ಸಾಹೇಬರು ನನ್ನನ್ನೇ ನೋಡುತ್ತಿದ್ದರು. ರೈಲ್ವೆಯಿಂದ ನಿವೃತ್ತರಾದ ಮರಾಠಿ ಮನುಷ್ಯ, ಲೆಕ್ಕಾಚಾರದವರು. ನಾನು ಹತ್ತುವುದು ಇಳಿಯುವುದನ್ನೆಲ್ಲ ಲೆಕ್ಕ ಹಾಕಿದ್ದವರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಆಪ್ ನೀಚೆ ಆತೇ ಹೋ ತೋ ಭೂಕಂಪ್ ಬಂದ್. ಆಪ್ ಊಪರ್ ಜಾತೇ ಹೋ ತೋ ಚಾಲೂ."

ಆಂಪ್ಲಿಫೈಯರನ್ನು ಆ ವಾರವೇ ಮನೆಯಿಂದ ಸಾಗಹಾಕಿದೆ. ಇನ್ನು ಮುಂದೆ ನುಡಿಸುವುದಾದರೆ ಹೆಡ್‌ಫೋನಿನಲ್ಲೇ, ಹೊರಗೆ ಒಂದು ಸದ್ದೂ ಬರುವುದಿಲ್ಲ ಎಂದು ಸೆಕ್ರೆಟರಿಗೆ ಬರೆದು ಕೊಟ್ಟೆ. ಹೆಂಡತಿಗೆ ಕೇಳಿಸಬೇಕು ಅಂತ ಇಟ್ಟುಕೊಂಡ ವಾದ್ಯ, ಯಾರಿಗೂ ಕೇಳಿಸುವುದಿಲ್ಲ ಎಂದು ಸಹಿ ಹಾಕಿದ್ದೇನೆ.

೨. ತಡವಾಗಿ ಬರುವ ಸ್ವರ

ಗೋರೆಗಾಂವ್ ಸ್ಟೇಷನ್ನಿನ ಹೊರಗೆ ಹೆಡ್‌ಫೋನುಗಳನ್ನು ಬಾಳೆಗೊನೆಯ ಹಾಗೆ ನೇತುಹಾಕಿದ ಅಂಗಡಿಯಿದೆ. ಬೇಸ್ ಗಿಟಾರ್ ಪ್ರಾಕ್ಟೀಸಿಗೆ ಬೇಕು ಎಂದೆ. ಅಂಗಡಿಯವನಿಗೆ ಬೇಸ್ ಎಂಬ ಮಾತಷ್ಟೇ ಸಾಕಾಯಿತು. ವೈರಿಲ್ಲದ್ದೊಂದನ್ನು ತೆಗೆದು ನನ್ನ ತಲೆಗೆ ತೊಡಿಸಿಯೇಬಿಟ್ಟ. "ಅಂಕಲ್, ವೈರ್‌ವಾಲಾ ಅಬ್ ಕೌನ್ ಲೇತಾ ಹೈ?"

ಮನೆಗೆ ತಂದು, ಅದರ ಜೊತೆ ಕೊಟ್ಟಿದ್ದ ಪುಟ್ಟ ಟ್ರಾನ್ಸ್‌ಮಿಟರನ್ನು ಗಿಟಾರಿಗೆ ಸಿಕ್ಕಿಸಿದೆ. ತಂತಿ ಮೀಟಿದೆ. ಸದ್ದಿಲ್ಲ. ಕೆಟ್ಟಿದೆಯೇ ಎಂದು ತಲೆ ಬಗ್ಗಿಸಿ ನೋಡುವಷ್ಟರಲ್ಲಿ ಢುಂ ಅಂತು. ಮತ್ತೆ ಮೀಟಿದೆ, ಆಮೇಲೆ ಢುಂ. ವೈರಿಲ್ಲದ ಹೆಡ್‌ಫೋನಿನಲ್ಲಿ ಸ್ವರ ಗಾಳಿಯಲ್ಲಿ ಸುತ್ತುಹಾಕಿ ಬರುವಾಗ ಹೀಗೆ ಒಂದು ಚೂರು ತಡವಾಗುತ್ತದೆ ಎಂದು ಆಗ ನನಗೆ ತಿಳಿದಿರಲಿಲ್ಲ. ಹಾಡು ಕೇಳುವವನಿಗೆ ಇದರಿಂದ ತೊಂದರೆಯಿಲ್ಲ. ನುಡಿಸುವವನಿಗೆ ಮಾತ್ರ ಕೈ ಒಂದು ಕಡೆ, ಕಿವಿ ಒಂದು ಕಡೆ. ಆದರೆ ನಾನು ಮುಂಬಯಿಯವನು, ತಡವಾಗಿ ಬರುವುದರ ಜೊತೆ ಬದುಕಿ ಗೊತ್ತು. ಸ್ವರ ತಡವಾಗಿ ಬರುವುದಾದರೆ ನಾನೇ ಸ್ವಲ್ಪ ಮೊದಲು ಹೊರಡುತ್ತೇನೆ ಎಂದು ತೀರ್ಮಾನಿಸಿ, ಮೂರು ವಾರ ಛಲ ಹಿಡಿದು ಅಭ್ಯಾಸ ಮಾಡಿದೆ.

ಮೂರು ವಾರದ ಮೇಲೆ ನಮ್ಮ ಆರ್ಕೆಸ್ಟ್ರಾದ ಹಳೆಯ ಡ್ರಮ್ಮರ್ ಫೋನ್ ಮಾಡಿದ. ಅವನನ್ನೂ ಬಿಟ್ಟಿದ್ದರು. ನನ್ನ ಹಾಗೆಯೇ ಅವನೂ ಜೋಗೇಶ್ವರಿಯ ತನ್ನ ಮನೆಯಲ್ಲಿ ಸುಮ್ಮನೆ ಕುಳಿತಿದ್ದ. "ಗಿಟಾರ್ ಹಿಡ್ಕೊಂಡು ಬಾ ಮಾರಾಯ, ಕೈ ತುರಿಸ್ತಾ ಉಂಟು" ಎಂದ. ಗುರುವಾರ ಬೆಳಿಗ್ಗೆ ಹೋದೆ. ಅವನಲ್ಲಿ ಒಂದು ಹಳೆಯ ಸ್ಪೀಕರ್ ಇತ್ತು, ಡ್ರಮ್ಮಿನ ಬದಲು ಊಟದ ಟೇಬಲ್ಲು ಮತ್ತು ಎರಡು ಸೌಟು. ಅವನು ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸಿದ. ಅವನು ನಾಲ್ಕು ಅನ್ನುವ ಮೊದಲೇ ನಾನು ಶುರುಮಾಡಿದ್ದೆ. ಇನ್ನೊಮ್ಮೆ ಎಣಿಸಿದ. ಇನ್ನೊಮ್ಮೆ ನಾನು ಮೊದಲು. ಐದನೆಯ ಸಲ ಅವನು ಸೌಟು ಕೆಳಗಿಟ್ಟ.

"ಎಂತ ಆಯ್ತು ನಿಂಗೆ? ಮೊದ್ಲು ಗಡಿಯಾರದ ಹಾಗೆ ಇದ್ದವ ನೀನು."

ನಾನು ವೈರಿಲ್ಲದ ಹೆಡ್‌ಫೋನಿನ ಕಥೆ ಹೇಳಿದೆ. ಅವನು ನಗಲಿಲ್ಲ. "ಇಲ್ಲಿ ನಾನು ತಡವಾಗಿ ಬರುದಿಲ್ಲ, ಎದುರೇ ಕೂತಿದ್ದೇನೆ. ನನ್ನನ್ನು ನೋಡಿ ನುಡಿಸು" ಎಂದ. ನೋಡಿ ನುಡಿಸಿದೆ. ಹನ್ನೊಂದರ ಹೊತ್ತಿಗೆ ಒಂದು ಹಾಡಿನಲ್ಲಿ ಅವನ ಸೌಟಿನ ಪೆಟ್ಟೂ ನನ್ನ ತಂತಿಯೂ ಒಟ್ಟಿಗೆ ಬಿದ್ದವು. ಎಷ್ಟು ದಿನದ ಮೇಲೆ! ಅವನು ಮೂಗು ಒರೆಸಿಕೊಂಡ. ಹೊರಡುವಾಗ ಬಾಗಿಲ ತನಕ ಬಂದು ಹೇಳಿದ: "ಗಾಡಿ ನಿಲ್ಲುವ ಮೊದ್ಲು ಇಳಿಯುದು ಟ್ರೈನಿನಲ್ಲಿ ಮಾತ್ರ ಮಾಡು. ಹಾಡಿನಲ್ಲಿ ಮಾಡಿದ್ರೆ ನಂಗೆ ಪೆಟ್ಟಾಗ್ತದೆ."

೩. ಎಡಗಿವಿ

ವೈರಿಲ್ಲದ್ದನ್ನು ಭಾವನಿಗೆ ದಾನ ಮಾಡಿ ವೈರಿದ್ದದ್ದು ತಂದೆ. ಗಿಟಾರಿನ ದೊಡ್ಡ ತೂತಿಗೂ ಹೆಡ್‌ಫೋನಿನ ಸಣ್ಣ ಪಿನ್ನಿಗೂ ಹೊಂದಿಕೆಯಾಗಲು ನಡುವೆ ಒಂದು ಕನೆಕ್ಟರ್ ಬೇಕು. ಅದು ಮನೆಯ ಡ್ರಾಯರಿನಲ್ಲಿ ಹಳೆಯದೊಂದು ಬಿದ್ದಿತ್ತು, ಸಿಕ್ಕಿಸಿದೆ. ಗಿಟಾರಿನ ಬೆನ್ನಿಗೆ ಕಡ್ಡಿಪೆಟ್ಟಿಗೆಯಷ್ಟಿನ ಒಂದು ಹೆಡ್‌ಫೋನ್ ಆಂಪ್. ಈ ಸಲ ಸ್ವರ ತಕ್ಷಣ ಬಂತು. ಆದರೆ ಬಲಗಿವಿಗೆ ಮಾತ್ರ.

ಇಪ್ಪತ್ತೆರಡು ವರ್ಷ ಸ್ಟೇಜಿನ ಮೇಲೆ ನನ್ನ ಎಡಗಡೆಗೇ ಡ್ರಮ್ಮರ್ ಇರುತ್ತಿದ್ದದ್ದು. ಅವನ ದೊಡ್ಡ ಹಿತ್ತಾಳೆಯ ತಟ್ಟೆ ನನ್ನ ಎಡಗಿವಿಯಿಂದ ಒಂದು ಮೊಳ ದೂರ. ಆ ಕಿವಿ ಹೋಗಿಯೇಬಿಟ್ಟಿದೆ ಎಂದುಕೊಂಡೆ. ಮಾತು ಕೇಳುವಾಗ ಗೊತ್ತಾಗುವುದಿಲ್ಲ, ಬೇಸ್ ಮಾತ್ರ ಕೇಳಿಸುವುದಿಲ್ಲ, ಇದು ಬೇಸ್ ನುಡಿಸುವವರಿಗೇ ಬರುವ ವಿಶೇಷ ಕಿವುಡು ಎಂದು ನಾನೇ ರೋಗಕ್ಕೆ ವಿವರಣೆಯನ್ನೂ ಕೊಟ್ಟುಕೊಂಡೆ. ಹೆಂಡತಿ ಗಾಬರಿಯಿಂದ ಒಂದು ವಾರ ಎಡಗಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟಳು. ಅವಳು ಎಣ್ಣೆ ಬಿಡುವಾಗ ನಾನು ಮಗ್ಗುಲಾಗಿ ಮಲಗಿ, ಅವಳಿಗೆ ಕೇಳಿಸುವ ಮೊದಲು ನನಗೇ ಕೇಳಿಸದ ಹಾಗಾಯಿತಲ್ಲ ಎಂದು ನಿಜವಾಗಿ ಅತ್ತಿದ್ದೇನೆ. ಅವಳು ಎಣ್ಣೆ ಕಣ್ಣಿಗೆ ಹೋಯಿತೆಂದು ತಿಳಿದು ಸೆರಗಿನಿಂದ ಒರೆಸಿದಳು.

ಕೊನೆಗೆ ಕಿವಿಯ ಡಾಕ್ಟರರ ಹತ್ತಿರ ಹೋದೆವು. ಗಾಜಿನ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ಒಂದು ಹೆಡ್‌ಫೋನ್ ತೊಡಿಸಿದರು. ಸದ್ದು ಕೇಳಿದಾಗ ಬೆರಳೆತ್ತಬೇಕು. ಅಹಾ, ಎಂಥ ಹೆಡ್‌ಫೋನ್ ಅದು! ಹೊರಗಿನ ರಿಕ್ಷಾ, ಫ್ಯಾನು, ಹೆಂಡತಿಯ ಚಿಂತೆ, ಏನೂ ಒಳಗೆ ಬರಲಿಲ್ಲ. ದಪ್ಪ ಸ್ವರಗಳು ಎರಡೂ ಕಿವಿಗೆ ಗುಂಡಗೆ ಬಂದು ಬಿದ್ದವು. ನಾನು ಬೆರಳೆತ್ತುತ್ತಲೇ ಇದ್ದೆ.

ಡಾಕ್ಟರರು ಗ್ರಾಫ್ ನೋಡಿ, "ನಿಮ್ಮ ವಯಸ್ಸಿಗೆ ಇಷ್ಟು ಒಳ್ಳೆಯ ಕಿವಿ ನಾನು ನೋಡಿಲ್ಲ. ನಿಮ್ಮ ತೊಂದರೆ ನಿಜವಾಗಿ ಏನು?" ಎಂದು ಕೇಳಿದರು.

"ಡಾಕ್ಟರ್, ಈ ಹೆಡ್‌ಫೋನ್ ಎಲ್ಲಿ ಸಿಗ್ತದೆ?" ಎಂದೆ.

ತೊಂದರೆ ಇದ್ದದ್ದು ಡ್ರಾಯರಿನ ಹಳೆಯ ಕನೆಕ್ಟರಿನಲ್ಲಿ. ಅದು ಒಂದೇ ಕಿವಿಗೆ ಸ್ವರ ಕೊಡುವ ಜಾತಿಯದು. ಎರಡು ಕಿವಿಯದನ್ನು ಗೋರೆಗಾಂವ್‌ನ ಅದೇ ಅಂಗಡಿಯವನು ಹಾಕಿಕೊಟ್ಟ. ಹೆಂಡತಿ ಮನೆಗೆ ಬಂದು ಎಣ್ಣೆಯ ಬಟ್ಟಲು ತೊಳೆಯುತ್ತಾ, "ಕಿವಿಗೆ ಬಿಡುವ ಬದ್ಲು ಆ ಪಿನ್ನಿಗೆ ಬಿಡ್ಬೇಕಿತ್ತು" ಎಂದಳು.

೪. ಕೆಳಗಿನ ಮನೆಯ ಮಿಕ್ಸರ್

ಡಾಕ್ಟರರ ಹೆಡ್‌ಫೋನಿನ ರುಚಿ ಹತ್ತಿದ ಮೇಲೆ ಸಣ್ಣದು ಹಿಡಿಸಲಿಲ್ಲ. ಕೇಳಿ, ವಿಚಾರಿಸಿ, ಕಿವಿಯನ್ನು ಪೂರ್ತಿ ಮುಚ್ಚುವ, ಸದ್ದು ಹೊರಗೆ ಸೋರದ, ದಪ್ಪ ಗಾದಿಯ ಹೆಡ್‌ಫೋನೊಂದನ್ನು ಆರಿಸಿ ತಂದೆ. ಹಾಕಿಕೊಂಡರೆ ಮನೆಯೇ ಇಲ್ಲ, ದಹಿಸರ್ ಇಲ್ಲ, ನಾನು ಮತ್ತು ನಾಲ್ಕು ತಂತಿ. ಫೋನಿನಿಂದ ಹಾಡು ಬಿಟ್ಟುಕೊಂಡು ಅದರ ಜೊತೆ ನುಡಿಸಲೂ ಆಂಪಿನಲ್ಲಿ ದಾರಿಯಿತ್ತು.

ಮೊದಲ ಗುರುವಾರವೇ ಹೆಂಡತಿಯನ್ನು ಕರೆದು, ಕುರ್ಚಿಯಲ್ಲಿ ಕೂರಿಸಿ, ಹೆಡ್‌ಫೋನನ್ನು ಅವಳ ತಲೆಗೆ ತೊಡಿಸಿದೆ. ಹಾಡು ಬಿಟ್ಟೆ. ನನಗೆ ಏನೂ ಕೇಳಿಸದಿದ್ದರೂ ಬೆರಳಿನ ಅಂದಾಜಿನಲ್ಲೇ ಜೀವ ಬಿಟ್ಟು ನುಡಿಸಿದೆ. ಅವಳು ತಲೆದೂಗಿದಳು. ಹಾಡು ಮುಗಿಯಿತು, ಅವಳು ಹೆಡ್‌ಫೋನ್ ತೆಗೆದು ಕೂದಲು ಸರಿಮಾಡಿಕೊಂಡಳು.

"ಹೇಗಿತ್ತು?"

"ಹಾಡಿದವಳ ಸ್ವರ ಎಂಥ ಚಂದ ಮಾರಾಯ್ರೆ," ಎಂದು ಒಳಗೆ ಹೋದಳು.

ಆ ಮೇಲೆ ನಾನು ಒಬ್ಬನೇ ನುಡಿಸತೊಡಗಿದೆ. ಒಂದು ಮಧ್ಯಾಹ್ನ ಕೆಳಗಿನ ಮನೆಯ ಮರಾಠಿ ಆಜಿ ಮೇಲೆ ಬಂದರು. ಎಂಬತ್ತರ ಹತ್ತಿರದವರು, ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದರು, ಲಿಫ್ಟ್ ಕೆಟ್ಟಿತ್ತು. ಹಿಂದೆ ಅವರ ಸೊಸೆ ಒಂದು ಮಿಕ್ಸರ್ ಹೊತ್ತು ನಿಂತಿದ್ದಳು. ಆಜಿ ನನ್ನ ಕಡೆ ನೋಡಲೂ ಇಲ್ಲ. ನನ್ನ ಹೆಂಡತಿಯ ಕೈ ಹಿಡಿದು, ಮರಾಠಿಯಲ್ಲಿ, "ಮಗಳೇ, ಎರಡು ತಿಂಗಳಿಂದ ಕೇಳ್ತಾ ಇದ್ದೇನೆ. ಪ್ರತಿ ಗುರುವಾರ ಎರಡು ಗಂಟೆ ಹೊತ್ತು ಒಬ್ಬಳೇ ಮಸಾಲೆ ಕುಟ್ತೀಯಲ್ಲ. ಕೈ ಏನಾಗಬೇಕು? ಇದು ನಮ್ಮ ಹಳೆಯದು, ಚೆನ್ನಾಗಿ ಓಡ್ತದೆ, ಇಟ್ಟುಕೋ" ಎಂದರು.

ನಾನು ತಾಳಕ್ಕೆ ಕಾಲು ಕುಟ್ಟುತ್ತಿದ್ದೆ ಎಂದು ಹೆಂಡತಿ ಹೇಳಲಿಲ್ಲ. ಆಜಿ ಹೋಗುವಾಗ ನನ್ನನ್ನು ನೋಡಿದ ನೋಟದಲ್ಲಿ, ಹೆಂಡತಿಯನ್ನು ಮಸಾಲೆ ಕುಟ್ಟಲು ಬಿಟ್ಟು ಕಿವಿ ಮುಚ್ಚಿಕೊಂಡು ಕೂರುವ ಗಂಡಸಿಗೆ ಸಿಗಬೇಕಾದದ್ದೆಲ್ಲ ಇತ್ತು. ಕಾಲಡಿಗೆ ಈಗ ದಿಂಬು ಇಟ್ಟುಕೊಳ್ಳುತ್ತೇನೆ. ಮಿಕ್ಸರ್ ನಮ್ಮದಕ್ಕಿಂತ ಚೆನ್ನಾಗಿದೆ.

೫. ಬಾಯಿ

ಇಷ್ಟಾದ ಮೇಲೆ ನನಗೆ ನೆಮ್ಮದಿ. ಆಂಪ್ಲಿಫೈಯರ್ ಇಲ್ಲ, ಸ್ವರ ತಡವಿಲ್ಲ, ಎರಡು ಕಿವಿಯೂ ಉಂಟು, ಕಾಲಡಿಗೆ ದಿಂಬು. ಬಿಲ್ಡಿಂಗಿಗೆ ನನ್ನ ಇರವೇ ತಿಳಿಯದ ಹಾಗೆ ಆರು ತಿಂಗಳು ನುಡಿಸಿದೆ. ನೆಮ್ಮದಿಯ ಜೊತೆಗೆ ಒಂದು ಖಾಲಿತನವೂ ಇತ್ತು, ಸುಳ್ಳೇಕೆ ಹೇಳಲಿ. ಒಳ್ಳೆಯದಾಗಿ ನುಡಿಸಿದ ದಿನ ಹೆಡ್‌ಫೋನ್ ತೆಗೆದು ಅಡಿಗೆಮನೆಯ ಕಡೆ ನೋಡುತ್ತಿದ್ದೆ. ಅವಳು ಅವಳ ಕೆಲಸದಲ್ಲಿ ಇರುತ್ತಿದ್ದಳು. ಅವಳದೇನು ತಪ್ಪು, ಇಲ್ಲದ ಸದ್ದನ್ನು ಯಾರು ಕೇಳಿಯಾರು ಎಂದುಕೊಳ್ಳುತ್ತಿದ್ದೆ.

ಗಣಪತಿ ಹಬ್ಬ ಹತ್ತಿರ ಬಂದಾಗ ಸೆಕ್ರೆಟರಿ ಸಾಹೇಬರು ಪುಸ್ತಕ ಹಿಡಿದು ಬಂದರು. ಬಿಲ್ಡಿಂಗಿನ ಕಾರ್ಯಕ್ರಮಕ್ಕೆ ಹೆಸರು ಬರೆದುಕೊಳ್ಳುತ್ತಿದ್ದರು. "ಇಸ್ ಬಾರ್ ಆಪ್ ಕಾ ಭೀ ಐಟಂ ರಖಾ ಹೈ. ಸಬ್ ಕೀ ಫರ್ಮಾಯಿಶ್ ಹೈ" ಎಂದರು. ಎಲ್ಲರೂ ಕೇಳಿದ್ದಾರೆ ಎಂದರೆ! ನನಗೆ ನಿಂತ ನೆಲ ಒಂದು ಅಂಗುಲ ಮೇಲೆದ್ದಂತಾಯಿತು. ಗಿಟಾರಿಗೆ ಹೊಸ ತಂತಿ ಹಾಕಿಸುತ್ತೇನೆ, ಸ್ಪೀಕರ್ ಒಂದು ಬೇಕಾಗುತ್ತದೆ ಎಂದು ಶುರುಮಾಡಿದೆ.

ಅವರು ಪೆನ್ನು ನಿಲ್ಲಿಸಿದರು. "ಗಿಟಾರ್? ಗಿಟಾರ್ ಕಿಸ್ ಲಿಯೇ? ವೋ ಮೂಹ್ ಸೇ ಜೋ ಕರ್ತೇ ಹೋ, ವಹೀ ಕರೋ ನಾ."

ಬಾಯಲ್ಲಿ ನಾನೇನು ಮಾಡುತ್ತೇನೆ ಎಂದು ನನಗೆ ಅರ್ಥವಾಗಲಿಲ್ಲ. ಸಾಹೇಬರು ನನ್ನ ಮನೆಯ ಹೊಸ್ತಿಲಲ್ಲಿ ನಿಂತು, ಕಣ್ಣು ಮುಚ್ಚಿ, ಕುತ್ತಿಗೆ ಆಡಿಸುತ್ತಾ ತೋರಿಸಿಕೊಟ್ಟರು: "ಢುಂ ಢುಢುಂ ಢುಂ, ಢುಢುಂ ಢುಂ." ನಾನು ನುಡಿಸುವ ಹಾಡಿನ ಬೇಸ್ ಅದು, ಹೆಚ್ಚುಕಡಿಮೆ ಸ್ವರಕ್ಕೆ ಸ್ವರ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಗುಜರಾತಿ ಕಾಕಿ ಹೊರಗೆ ಬಂದರು. "ನಹೀ ನಹೀ ಸಾಹೇಬ್, ಪೆಹಲೇ ದೋ ಬಾರ್ ಢುಂ, ಫಿರ್ ಢುಢುಂ" ಎಂದು ತಿದ್ದಿದರು. ಲಿಫ್ಟ್ ರಿಪೇರಿಗೆ ಬಂದು ಮೆಟ್ಟಿಲಲ್ಲಿ ಕುಳಿತಿದ್ದ ಮನುಷ್ಯ, ನಮ್ಮ ಬಿಲ್ಡಿಂಗಿಗೆ ಬಂದದ್ದು ಎರಡೇ ಸಲವಾದರೂ, ಕಾಕಿ ಹೇಳಿದ್ದೇ ಸರಿ ಎಂದು ಸಾಕ್ಷಿ ಹೇಳಿದ.

ವಿಷಯ ಇಷ್ಟು. ಕಿವಿ ಪೂರ್ತಿ ಮುಚ್ಚಿದ್ದರಿಂದ ನನ್ನ ಬಾಯಿ ಏನು ಮಾಡುತ್ತಿದೆ ಎಂದು ನನಗೆ ಕೇಳಿಸುತ್ತಿರಲಿಲ್ಲ. ಕೈ ನುಡಿಸಿದ್ದನ್ನೆಲ್ಲ ಬಾಯಿ, ಅದೂ ಪೆಂಡಾಲಿನ ಕೊನೆಯ ಸಾಲಿಗೆ ಮುಟ್ಟುವ ಗಂಟಲಿನಲ್ಲಿ, ಆರು ತಿಂಗಳಿಂದ ಹೇಳುತ್ತಿತ್ತು. ಎಷ್ಟು ಒಳ್ಳೆಯ ಹೆಡ್‌ಫೋನ್ ತಂದೆನೋ ಅಷ್ಟು ಜೋರು. ಕೆಳಗೆ ಗೇಟಿನ ತನಕ ಕೇಳಿಸುತ್ತದಂತೆ.

ಅವರೆಲ್ಲ ಹೋದ ಮೇಲೆ ಬಾಗಿಲು ಹಾಕಿ ಹೆಂಡತಿಯ ಕಡೆ ತಿರುಗಿದೆ. "ನಿನಗೆ ಗೊತ್ತಿತ್ತಾ?"

"ಒಂದೇ ಮನೆಯಲ್ಲಿ ಇರುದಲ್ವಾ? ಗೊತ್ತಾಗದೆ ಇರ್ತದಾ?"

"ಹೇಳಬಾರದಿತ್ತೇ? ಇಡೀ ಬಿಲ್ಡಿಂಗಿನ ಎದುರು ಮಾನ ಹೋಯಿತಲ್ಲ!"

"ಹೇಳಿದ್ರೆ ನೀವು ನಿಲ್ಲಿಸ್ತಿದ್ರಿ," ಎಂದಳು. ಕೈಯಲ್ಲಿದ್ದ ಕೊತ್ತಂಬರಿ ಸೊಪ್ಪನ್ನು ಬಿಡಿಸುತ್ತಲೇ, ನನ್ನ ಮುಖ ನೋಡದೆ ಮುಂದುವರಿಸಿದಳು. "ಆರ್ಕೆಸ್ಟ್ರಾದಲ್ಲಿ ಎಷ್ಟು ಕಿವಿ ಕೊಟ್ರೂ ನಂಗೆ ನಿಮ್ದು ಸಿಕ್ತಿರ್ಲಿಲ್ಲ. ಕೇಳಿ ಕೇಳಿ ನಂಗೇ ನಾಚಿಕೆ ಆಗಿತ್ತು. ನೀವು ಬಾಯಲ್ಲಿ ಹೇಳ್ಲಿಕ್ಕೆ ಶುರುಮಾಡಿದ ಮೇಲೆ ಸಿಕ್ಕಿತು. ಈಗ ರಿಕ್ಷಾದಲ್ಲಿ ಹಾಡು ಹಾಕಿದ್ರೂ ಅಡಿಯಲ್ಲಿ ಅದು ಹೋಗುದು ಕೇಳ್ತದೆ. ಮೊನ್ನೆ ಮಾರ್ಕೆಟಿನಲ್ಲಿ ಒಂದು ಹಾಡು ಬಂತು, ಅದ್ರಲ್ಲಿ ನುಡಿಸಿದವ ನಿಮ್ಮಷ್ಟು ಸರಿ ಇಲ್ಲ."

ನಾನು ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆಗಳನ್ನು ತೆಗೆದೆ. ಒಣಗದವನ್ನೂ ತೆಗೆದುಬಿಟ್ಟಿದ್ದೆ ಎಂದು ಆಮೇಲೆ ಗೊತ್ತಾಯಿತು.

ಮುಂದಿನ ಗುರುವಾರ ಹೆಡ್‌ಫೋನ್ ಹಾಕಿಕೊಂಡು ಕುಳಿತೆ. ತುಟಿ ಬಿಗಿಯಾಗಿ ಮುಚ್ಚಿದ್ದೆ, ಮಾನ ಅಂದರೆ ಮಾನ. ಅರ್ಧ ಹಾಡಿಗೆ ಬಾಯಾರಿಕೆಯಾಗಿ, ನೀರು ಕೇಳೋಣವೆಂದು ಹೆಡ್‌ಫೋನ್ ಸರಿಸಿದೆ. ಅಡಿಗೆಮನೆಯಿಂದ ಢುಂ ಢುಂ ಢುಢುಂ ಎಂದು ಕೇಳಿಸಿತು. ನಾನು ಬಾಯಿ ಮುಚ್ಚಿದ್ದೇನೆಂದು ಅವಳೇ ನನ್ನ ಬದಲು ಹೇಳುತ್ತಿದ್ದಳು, ತೆಂಗಿನಕಾಯಿ ತುರಿಯುತ್ತಾ, ಒಂದು ಸ್ವರ ಬಿಡದೆ. ತಾಳ ಮಾತ್ರ ಓಡುತ್ತಿತ್ತು. ಆರ್ಕೆಸ್ಟ್ರಾದಲ್ಲಿ ಯಾರ ತಾಳ ಓಡಿದರೂ ಅಲ್ಲಿಯೇ ನಿಲ್ಲಿಸಿ ತಿದ್ದುವವನು ನಾನು. ಹೆಡ್‌ಫೋನನ್ನು ಸದ್ದಾಗದ ಹಾಗೆ ಕೆಳಗಿಟ್ಟೆ. ಅವಳು ಓಡಿದ ಕಡೆ ಓಡಿ, ನಿಂತ ಕಡೆ ನಿಂತು, ಬರಿಯ ತಂತಿಯಲ್ಲೇ ಅವಳ ಜೊತೆ ನುಡಿಸಿದೆ, ಬಾಯಿ ಬಿಟ್ಟು ಹೇಳುತ್ತಲೂ ಹೋದೆ.

ನಾವಿಬ್ಬರೂ ಒಟ್ಟಿಗೆ ಮುಗಿಸಿದೆವು. ಕರೆಗಂಟೆ ಆಯಿತು. ಬಾಗಿಲು ತೆಗೆದರೆ ಪಕ್ಕದ ಕಾಕಿ. ನನ್ನನ್ನು ಸರಿಸಿ, ಒಳಗೆ ಇಣುಕಿ, ನನ್ನ ಆರೋಗ್ಯ ವಿಚಾರಿಸುವ ದನಿಯಲ್ಲಿ ಹೆಂಡತಿಗೆ ಹೇಳಿದರು: "ಭಾಭೀ, ಆಜ್ ಭಾಯಿಸಾಬ್ ಥೋಡಾ ಫಾಸ್ಟ್ ಜಾ ರಹೇ ಹೈ. ತಬಿಯತ್ ಠೀಕ್ ಹೈ ನಾ?"